ತೇವ್ಯೆಯನ್ನು ಕನ್ನಡಕ್ಕೆ ತರುವವರಿಗೆ

ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್ ಆಡುವವರು ದಾರಿಯಲ್ಲಿ ಎದುರಾದಾಗ ಹೇಳುವ ನಮಸ್ಕಾರ 'ಶೋಲೆಮ್ ಅಲೇಖೆಮ್'. ನಿಮಗೆ ಶಾಂತಿ ಇರಲಿ ಎಂದರ್ಥ. ನಮ್ಮ ಕಿವಿಗೆ ಗೊತ್ತಿರುವ ಸಲಾಂ ಅಲೈಕುಂನ ಒಡಹುಟ್ಟು ಅದು. ಈಗಿನ ಉಕ್ರೇನಿನ ಪೆರೆಯಾಸ್ಲಾವ್‌ನಲ್ಲಿ 1859ರಲ್ಲಿ ಹುಟ್ಟಿ 1916ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ ಸೊಲೊಮನ್ ರಬಿನೊವಿಚ್ ಅದನ್ನೇ ಕಾವ್ಯನಾಮ ಮಾಡಿಕೊಂಡರು. ಹಾಲು, ಬೆಣ್ಣೆ, ಚೀಸ್ ಮಾರುವ ತೇವ್ಯೆಯ ಕಥೆಗಳನ್ನು ಅವರು 1894ರಲ್ಲಿ ಶುರುಮಾಡಿ 1914ರವರೆಗೂ ಬಿಡಿಬಿಡಿಯಾಗಿ ಬರೆದರು. ಕಥೆಗಳಲ್ಲಿ ತೇವ್ಯೆ ತನ್ನ ಪಾಡನ್ನು ಹೇಳಿಕೊಳ್ಳುವುದು ಈ ಲೇಖಕರಿಗೇ. ಬರೆದವರ ಜೊತೆಗೇ ತೇವ್ಯೆಗೂ ವಯಸ್ಸಾಗುತ್ತ ಹೋಯಿತು. ಅನುವಾದಕ್ಕೆ ಒಂದೆರಡು ಕಥೆಗಳನ್ನು ಮಾತ್ರ ಆಯ್ದುಕೊಂಡರೂ ಎಲ್ಲ ಕಥೆಗಳನ್ನೂ ಬರೆದ ಕ್ರಮದಲ್ಲೇ ಓದಿಕೊಂಡು ಕೆಲಸಕ್ಕೆ ಕೂರಬೇಕು.

ಅದಕ್ಕೂ ಮೊದಲು, ಈ ಕಥೆಗಳನ್ನು ಆಧರಿಸಿದ 1964ರ ಸಂಗೀತ ನಾಟಕವನ್ನೂ 1971ರ ಸಿನಿಮಾವನ್ನೂ ತಲೆಯಿಂದ ಇಳಿಸಿಡಿ. 'ಫಿಡ್ಲರ್ ಆನ್ ದಿ ರೂಫ್'ನಲ್ಲಿ ಹೆಂಡತಿ ಗೋಲ್ಡೆ ಕೊನೆಯವರೆಗೂ ಬದುಕಿದ್ದಾಳೆ. ಪುಸ್ತಕದಲ್ಲಿ ಅವಳೂ ಸಾಯುತ್ತಾಳೆ, ಹಿರಿಯಳಿಯ ದರ್ಜಿ ಮೋಟ್ಲೂ ಸಾಯುತ್ತಾನೆ, ಶ್ಪ್ರಿಂಟ್ಸೆ ಎಂಬ ಮಗಳು ನೀರಿಗೆ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾಳೆ. ಸಿನಿಮಾದ ತೇವ್ಯೆಯನ್ನು ಕಣ್ಣಮುಂದಿಟ್ಟುಕೊಂಡರೆ ಇಡೀ ಪುಸ್ತಕದ ದನಿ ಹಗುರವಾಗಿಬಿಡುತ್ತದೆ.

ಕನ್ನಡಕ್ಕೆ ತರುವವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷೇ ದಾರಿ. ಹಾಗಿದ್ದಲ್ಲಿ ಒಂದೇ ಅನುವಾದವನ್ನು ನಂಬಬೇಡಿ. ಹಿಲೆಲ್ ಹಾಲ್ಕಿನ್ ಅವರ 1987ರ ಅನುವಾದ ಹೀಬ್ರೂ ಉಲ್ಲೇಖಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಅದನ್ನು ಮುಖ್ಯವಾಗಿಟ್ಟುಕೊಂಡು, ಪಕ್ಕದಲ್ಲಿ ಇನ್ನೊಂದನ್ನು ತೆರೆದಿಡಿ. ಎರಡೂ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಮೂಲದಲ್ಲೊಂದು ಗಂಟಿದೆ ಎಂದು ತಿಳಿಯಬೇಕು.

ಗಂಟು ಹೆಚ್ಚಾಗಿ ಉಲ್ಲೇಖದಲ್ಲೇ ಇರುತ್ತದೆ. ತೇವ್ಯೆ ಪವಿತ್ರ ಭಾಷೆಯ ಒಂದು ಸಾಲು ಹೇಳುತ್ತಾನೆ, ಬೆನ್ನಿಗೇ ಅದರ 'ಅರ್ಥ'ವನ್ನು ಮನೆಮಾತಿನಲ್ಲಿ ಹೇಳುತ್ತಾನೆ. ಸಾಲಿಗೂ ಅರ್ಥಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. 'ಮನುಷ್ಯನ ಮೂಲ ಮಣ್ಣು, ಅಂತ್ಯವೂ ಮಣ್ಣು' ಎಂಬ ಪ್ರಾರ್ಥನೆಯ ಸಾಲು ಅವನ ಬಾಯಲ್ಲಿ 'ಮನುಷ್ಯ ನೊಣಕ್ಕಿಂತ ಬಡಕಲು, ಕಬ್ಬಿಣಕ್ಕಿಂತ ಗಟ್ಟಿ' ಎಂದಾಗುತ್ತದೆ. ಎರಡನ್ನೂ ಒಂದೇ ಹದದ ಕನ್ನಡದಲ್ಲಿ ಬರೆದರೆ ಓದುಗನಿಗೆ ಎರಡು ಗಾದೆ ಸಿಕ್ಕಂತಾಗುತ್ತದೆ, ಅಷ್ಟೆ. ಮೊದಲ ಎರಡು ಮೂರು ಪದಗಳನ್ನು ಕನ್ನಡ ಲಿಪಿಯಲ್ಲಿ ಹೀಬ್ರೂವಾಗಿಯೇ ಬಿಡಿ: 'ಓದೊಮ್ ಯೆಸೋಯ್ದೋಯ್ ಮೆಓಫೊರ್... ಅಂದ್ರೇನು ಸ್ವಾಮಿ? ಮನುಷ್ಯ ನೊಣಕ್ಕಿಂತ ಬಡಕಲು, ಕಬ್ಬಿಣಕ್ಕಿಂತ ಗಟ್ಟಿ.' ಶ್ಲೋಕ ಹೇಳಿ ತಾತ್ಪರ್ಯ ಬಿಡಿಸುವ ಪುರಾಣ ಪ್ರವಚನದ ಧಾಟಿ ನಮ್ಮ ಓದುಗರಿಗೆ ಹೊಸದಲ್ಲವಾದ್ದರಿಂದ, ಹೀಬ್ರೂ ಬರದಿದ್ದರೂ ಆಟ ತಿಳಿಯುತ್ತದೆ. ಆದರೆ ಆ ಜಾಗದಲ್ಲಿ ಸಂಸ್ಕೃತ ಶ್ಲೋಕವನ್ನೇ ತಂದು ಕೂರಿಸಬೇಡಿ. ತೇವ್ಯೆ ಯಹೂದಿಯಾಗಿದ್ದಕ್ಕೇ ಊರು ಬಿಡಬೇಕಾಗಿ ಬಂದವನು. ಆ ಗುರುತನ್ನು ಅಳಿಸಿದರೆ ಕೊನೆಯ ಕಥೆ ನಿಲ್ಲುವುದಿಲ್ಲ.

ಅವನು ತಿಳಿಯದೆ ತಪ್ಪು ಹೇಳುತ್ತಾನೋ, ಬೇಕೆಂದೇ ತಿರುಚುತ್ತಾನೋ? ಬಹುಪಾಲು ಬೇಕೆಂದೇ ಎನ್ನಬೇಕು. ಕೇಳುತ್ತಿರುವವರು ಯಾರು ಎಂದು ಪ್ರತಿ ಸಲವೂ ನೋಡಿ. ಗೋಲ್ಡೆಯ ಮುಂದೆ ಅದು ಗಂಡನ ಪಾಂಡಿತ್ಯ ಪ್ರದರ್ಶನ, ದೇವರ ಮುಂದೆ ತಕರಾರು, ಹೀಬ್ರೂ ಬಲ್ಲ ಲೇಖಕರ ಮುಂದೆ ಸರಸ.

ಸಂಬೋಧನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಲ್ಲದ ಅನುಕೂಲವಿದೆ. ಯಿಡ್ಡಿಷ್‌ನಲ್ಲೂ ನೀನು, ನೀವು ಬೇರೆಬೇರೆ. ಕುದುರೆಗೂ ದೇವರಿಗೂ 'ನೀನು', ಲೇಖಕರಿಗೆ 'ನೀವು'. ಲೇಖಕರನ್ನು ಅವನು 'ಪಾನಿ' ಎಂದು ಕರೆಯುತ್ತಾನೆ. ಅದಕ್ಕೆ 'ಸ್ವಾಮಿ' ಸಾಕು. 'ಬುದ್ಧಿ' ಎಂದರೆ ತೇವ್ಯೆ ಕೈಕಟ್ಟಿ ನಿಂತ ಆಳಾಗುತ್ತಾನೆ, 'ರಾಯರೇ' ಎಂದರೆ ಲೇಖಕರಿಗೆ ಒಂದು ಜಾತಿ ಅಂಟಿಕೊಳ್ಳುತ್ತದೆ.

ಆದರೆ ಇದೇ ಕನ್ನಡ ಒಂದು ಕಡೆ ಅನುವಾದಕರನ್ನು ಪೇಚಿಗೆ ಸಿಕ್ಕಿಸುತ್ತದೆ. ಕಟುಕ ಲೇಜರ್ ವೋಲ್ಫ್ ಹಿರಿಮಗಳು ತ್ಸೈಟ್ಲ್‌ಳನ್ನು ಕೇಳಲು ಬಂದಿರುತ್ತಾನೆ. ಅವನ ಕಣ್ಣು ತನ್ನ ಹಸುವಿನ ಮೇಲೆ ಎಂದುಕೊಂಡು ತೇವ್ಯೆ ಮಾತಾಡುತ್ತಾನೆ. ಯಿಡ್ಡಿಷ್‌ನಲ್ಲಿ ಹಸುವೂ ಸ್ತ್ರೀಲಿಂಗ, ಒಂದೇ ಸರ್ವನಾಮ ಇಬ್ಬರಿಗೂ ಸಲ್ಲುತ್ತದೆ. ಕನ್ನಡದಲ್ಲಿ 'ಅದು' ಎಂದರೂ ಗುಟ್ಟು ಬಯಲು, 'ಅವಳು' ಎಂದರೂ ಬಯಲು. ಕ್ರಿಯಾಪದ ಕೂಡ ಬಿಟ್ಟುಕೊಡುತ್ತದೆ: 'ಚೆನ್ನಾಗಿದೆ' ಎಂದರೆ ಹಸು, 'ಚೆನ್ನಾಗಿದ್ದಾಳೆ' ಎಂದರೆ ಮಗಳು. ಆದ್ದರಿಂದ ಹಸುವನ್ನೂ ಮಗಳನ್ನೂ ವಾಕ್ಯದ ಕರ್ತೃ ಮಾಡಲೇಬೇಡಿ. ಕರ್ಮಪದವನ್ನೂ ನುಂಗಿಬಿಡಿ: 'ಯಾವತ್ತಿಂದಲೋ ಕಣ್ಣಿಟ್ಟಿದ್ದೀನಿ, ಕೊಟ್ಟುಬಿಡಿ.' 'ಸಾಕಿ ಬೆಳೆಸಿದ್ದು ನಾನು, ಸುಮ್ನೆ ಕೊಡೋಕಾಗುತ್ತಾ?' ಹಸು ಕೊಡುವುದಕ್ಕೂ ಹೆಣ್ಣು ಕೊಡುವುದಕ್ಕೂ ನಮ್ಮಲ್ಲಿ ಒಂದೇ 'ಕೊಡು' ಇದೆಯಲ್ಲ, ಸರ್ವನಾಮದಲ್ಲಿ ಕಳೆದುಕೊಂಡದ್ದು ಅಲ್ಲಿ ಕೈಗೆ ಬರುತ್ತದೆ. ಈ ಸಂಭಾಷಣೆಯನ್ನು ಬರೆದ ಮೇಲೆ ಕಥೆ ಗೊತ್ತಿಲ್ಲದ ಒಬ್ಬರ ಮುಂದೆ ಗಟ್ಟಿಯಾಗಿ ಓದಿ. ಅವರಿಗೆ ಎಲ್ಲಿ ಅನುಮಾನ ಬಂತೋ ಆ ಸಾಲನ್ನು ತಿದ್ದಿ.

ಹೆಸರುಗಳ ಬಗ್ಗೆಯೂ ಎಚ್ಚರವಿರಲಿ. ಇಂಗ್ಲಿಷ್ ಕಾಗುಣಿತ ನೋಡಿ ಒಬ್ಬ ಮಗಳ ಹೆಸರನ್ನು 'ಚಾವಾ' ಎಂದು ಬರೆಯುವುದು ತೀರಾ ಸಾಮಾನ್ಯ. ಅದು ಗಂಟಲಿನಿಂದ ಬರುವ ಸದ್ದು, 'ಖಾವೆ' ಹತ್ತಿರವಾಗುತ್ತದೆ. ಗಡಿಪಾರಾದ ಗಂಡನ ಹಿಂದೆ ಹೊರಡುವ ಮಗಳನ್ನು 'ಹೋದ್ಲ್' ಎಂದು ಬರೆದರೆ ನಮ್ಮವರು 'ಹೋದಳು' ಎಂದೇ ಓದುತ್ತಾರೆ. 'ಹೋಡ್ಲ್' ಎನ್ನಿ. ಏಳು ದಿನದ ಶೋಕಾಚರಣೆಯ ಹೆಸರನ್ನು 'ಶಿವಾ' ಎಂದು ಹಾಗೇ ಇಳಿಸಿದರೆ ಆಗುವ ಗೊಂದಲವನ್ನು ಹೇಳಬೇಕಾಗಿಲ್ಲ. 'ಏಳು ದಿನದ ಸೂತಕ' ಎಂದರೆ ಓದು ತಡವರಿಸುವುದಿಲ್ಲ.

ಖಾವೆ ಮತಾಂತರವಾಗಿ ಹಳ್ಳಿಯ ಹುಡುಗನನ್ನು ಮದುವೆಯಾಗುವ ಕಥೆಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ತೇವ್ಯೆಯ ದನಿ ಕೈಗೆ ಹತ್ತಿದ ಮೇಲೆಯೇ ಅದನ್ನು ಮುಟ್ಟಬೇಕು. ಅದರ ಕೊನೆಯಲ್ಲಿ ಅವನು ಲೇಖಕರಿಗೆ ಇದನ್ನು ಬರೆಯಬೇಡಿ, ಬರೆದರೂ ಬೇರೆ ಯಾರದೋ ಕಥೆಯೆಂದು ಬರೆಯಿರಿ ಎಂದು ಬೇಡಿಕೊಂಡು, 'ವಯಿಶ್ಕೊಖೇಹು' ಎನ್ನುತ್ತಾನೆ. ಸೆರೆಯಲ್ಲಿದ್ದ ಯೋಸೇಫನನ್ನು ಪಾನದಾಯಕರ ಮುಖ್ಯಸ್ಥ ಮರೆತುಬಿಟ್ಟ ಸಂದರ್ಭದಲ್ಲಿ ಬೈಬಲಿನ ಆದಿಕಾಂಡ ಬಳಸುವ ಪದ, 'ಅವನನ್ನು ಮರೆತುಬಿಟ್ಟನು' ಎಂದು. ಇಲ್ಲಿ ಅರ್ಥ ತಿರುಚಿಲ್ಲ. ಹೀಬ್ರೂ ಪದವನ್ನು ಹಾಕಿ, ಪಕ್ಕದಲ್ಲಿ 'ಮರೆತುಬಿಡಿ' ಎಂದಷ್ಟೇ ಬರೆದು ನಿಲ್ಲಿಸಿ. ಅಡಿಟಿಪ್ಪಣಿ ಬೇಕಿದ್ದರೆ ಪುಸ್ತಕದ ಹಿಂದಿರಲಿ, ಆ ಪುಟದಲ್ಲಿ ಬೇಡ.