ನಾಲ್ಕು ಜನ ಏನೆಂದುಕೊಂಡಾರು

1942ರ ಜುಲೈ 13ರ ನಸುಕು. ಪೋಲೆಂಡಿನ ಯುಜೆಫೂವ್ ಎಂಬ ಸಣ್ಣ ಊರಿನ ಹೊರಗೆ ಲಾರಿಗಳಿಂದ ಇಳಿದ ಜರ್ಮನ್ ಪೊಲೀಸರು ತಮ್ಮ ಮೇಜರ್ ಸುತ್ತ ನೆರೆದಿದ್ದರು. 101ನೇ ಮೀಸಲು ಪೊಲೀಸ್ ಪಡೆಯ ಸುಮಾರು 500 ಜನರಲ್ಲಿ ಹೆಚ್ಚಿನವರು ಹ್ಯಾಂಬರ್ಗ್ ನಗರದವರು. ಬಂದರಿನ ಕೂಲಿಗಳು, ಲಾರಿ ಚಾಲಕರು, ಗುಮಾಸ್ತರು. ಸರಾಸರಿ ವಯಸ್ಸು 39. ಹಿಟ್ಲರ್ ಅಧಿಕಾರಕ್ಕೆ ಬರುವ ಹೊತ್ತಿಗಾಗಲೇ ಬೆಳೆದು ನಿಂತಿದ್ದವರು.

ಮೇಜರ್ ವಿಲ್ಹೆಲ್ಮ್ ಟ್ರಾಪ್ ಕಣ್ಣೀರು ಹಾಕುತ್ತಲೇ ಆದೇಶ ತಿಳಿಸಿದ. ಊರಿನ ಯಹೂದಿಗಳಲ್ಲಿ ದುಡಿಯಬಲ್ಲ ಗಂಡಸರನ್ನು ಬೇರೆ ಮಾಡಿ, ಹೆಂಗಸರು, ಮಕ್ಕಳು, ಮುದುಕರನ್ನೆಲ್ಲ ಗುಂಡಿಟ್ಟು ಕೊಲ್ಲಬೇಕು. ಆಮೇಲೆ ಅವನು ಇನ್ನೊಂದು ಮಾತು ಸೇರಿಸಿದ: ವಯಸ್ಸಾದವರಲ್ಲಿ ಯಾರಿಗಾದರೂ ಇದು ತಮ್ಮಿಂದಾಗದು ಎನಿಸಿದರೆ ಸಾಲಿನಿಂದ ಹೊರಗೆ ಬರಬಹುದು.

ಒಬ್ಬ ಮುಂದೆ ಬಂದ. ಅವನ ಕ್ಯಾಪ್ಟನ್ ಗದರಿದ, ಟ್ರಾಪ್ ಆ ಕ್ಯಾಪ್ಟನ್ನನ್ನೇ ಸುಮ್ಮನಾಗಿಸಿದ. ಅದನ್ನು ಕಂಡು ಇನ್ನೂ ಹತ್ತು ಹನ್ನೆರಡು ಮಂದಿ ಹೊರಬಂದು ಬಂದೂಕು ಒಪ್ಪಿಸಿದರು. ಉಳಿದವರು ನಿಂತಲ್ಲೇ ನಿಂತರು. ಪಡೆಯ ವೈದ್ಯ ನೆಲದ ಮೇಲೆ ಮನುಷ್ಯನ ಆಕೃತಿ ಬರೆದು, ಬಂದೂಕಿನ ತುದಿಗೆ ಸಿಕ್ಕಿಸಿದ ಚೂರಿಯನ್ನು ಗುರಿಗಾಗಿ ಎಲ್ಲಿಗೆ ಹಿಡಿಯಬೇಕೆಂದು ತೋರಿಸಿಕೊಟ್ಟ. ರಾತ್ರಿಯಾಗುವಷ್ಟರಲ್ಲಿ ಪಕ್ಕದ ಕಾಡಿನಲ್ಲಿ ಸುಮಾರು 1,500 ಹೆಣಗಳು ಬಿದ್ದಿದ್ದವು.

ಆ ಹತ್ತು ಹನ್ನೆರಡು ಮಂದಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಇದನ್ನು ಓದಿದಾಗಲೆಲ್ಲ ನಾನು ಬೆಚ್ಚುತ್ತೇನೆ. ‘ಒಲ್ಲೆ ಎಂದಿದ್ದರೆ ನಮ್ಮ ತಲೆಯೇ ಹೋಗುತ್ತಿತ್ತು’ ಎಂಬ ಸಮರ್ಥನೆ ಇಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಉಳಿದವರನ್ನು ಹಿಡಿದಿಟ್ಟದ್ದು ಏನು?

1960ರ ದಶಕದಲ್ಲಿ ಈ ಪೊಲೀಸರು ತನಿಖೆಯಲ್ಲಿ ಕೊಟ್ಟ ಹೇಳಿಕೆಗಳನ್ನು ಇತಿಹಾಸಕಾರ ಕ್ರಿಸ್ಟಫರ್ ಬ್ರೌನಿಂಗ್ ಕೂಲಂಕಷವಾಗಿ ಓದಿದರು. ಯಹೂದಿದ್ವೇಷದ ಪ್ರಚಾರ, ಯುದ್ಧ, ಮೇಲಿನವರ ಅಧಿಕಾರ ಎಲ್ಲವೂ ಅಲ್ಲಿದ್ದವು. ಆದರೆ ಮತ್ತೆ ಮತ್ತೆ ಕಂಡದ್ದು ನಮಗೆಲ್ಲ ಮನೆಯಲ್ಲೇ ಪರಿಚಯವಿರುವ ಭಯ: ನಾಲ್ಕು ಜನ ಏನೆಂದುಕೊಂಡಾರು? ಸಾಲು ಬಿಟ್ಟರೆ ಪುಕ್ಕಲ ಎನ್ನುತ್ತಾರೆ, ಹೇಸಿಗೆಯ ಕೆಲಸವನ್ನು ಜೊತೆಗಾರರ ತಲೆಗೆ ಕಟ್ಟಿ ನುಣುಚಿಕೊಂಡ ಎನ್ನುತ್ತಾರೆ. ಪರದೇಶದಲ್ಲಿ ಉಣ್ಣುವುದು, ಮಲಗುವುದು, ಮಾತನಾಡುವುದು ಎಲ್ಲ ಆ ಜೊತೆಗಾರರೊಂದಿಗೇ. ಒಲ್ಲೆ ಎಂದವರಲ್ಲೂ ಹೆಚ್ಚಿನವರು ‘ಇದು ತಪ್ಪು’ ಎನ್ನಲಿಲ್ಲ. ‘ನನ್ನಿಂದಾಗದು, ನನಗೆ ಅಷ್ಟು ಗಟ್ಟಿ ಮನಸ್ಸಿಲ್ಲ’ ಎಂದರು. ಅಂದರೆ ತಾವು ಪುಕ್ಕಲರೆಂದೇ ಒಪ್ಪಿಕೊಂಡು ಪಾರಾದರು. ಹಾಗಾಗಿ ಕೊಲ್ಲುವುದೇ ಗಂಡಸುತನ ಎಂಬ ಲೆಕ್ಕಕ್ಕೆ ಎಲ್ಲೂ ಧಕ್ಕೆಯಾಗಲಿಲ್ಲ.

ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1960ರ ದಶಕದ ಆರಂಭದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಪ್ರಯೋಗ ಹಲವರಿಗೆ ಗೊತ್ತು. ಪ್ರಯೋಗ ನಡೆಸುವವನ ಆದೇಶದಂತೆ ಬೇರೊಬ್ಬನಿಗೆ ವಿದ್ಯುತ್ ಆಘಾತ ಕೊಡುತ್ತಿದ್ದೇವೆಂದು ನಂಬಿದ 40 ಜನರಲ್ಲಿ 26 ಮಂದಿ 450 ವೋಲ್ಟ್‌ವರೆಗೂ ಹೋದರು. ಅದೇ ಪ್ರಯೋಗದ ಇನ್ನೊಂದು ರೂಪ ಅಷ್ಟು ಪ್ರಸಿದ್ಧವಾಗಲಿಲ್ಲ. ಅದರಲ್ಲಿ ಪಕ್ಕದಲ್ಲಿ ಕುಳಿತ ಇಬ್ಬರು, ಅವರು ಮಿಲ್‌ಗ್ರಾಂ ಕಡೆಯವರೇ, ನಡುವೆಯೇ ‘ಸಾಕು’ ಎಂದು ಎದ್ದುಬಿಡುತ್ತಾರೆ. ಆಗ 40 ಜನರಲ್ಲಿ ಕೊನೆಯವರೆಗೆ ಹೋದವರು ನಾಲ್ವರೇ. 1994ರ ರುವಾಂಡಾದ ನರಮೇಧದಲ್ಲೂ, ತಮ್ಮದೇ ಜನಾಂಗದ ನೆರೆಯವರ ಒತ್ತಾಯಕ್ಕೆ ಮಣಿದು ಹೊರಟೆವೆಂದು ಹೇಳಿದ ಅಪರಾಧಿಗಳು ಬಹಳ.

ಯುಜೆಫೂವ್‌ನಲ್ಲಿ ಆ ರಾತ್ರಿ ಪೊಲೀಸರಿಗೆ ಊಟ ಸೇರಲಿಲ್ಲ. ಮೇಲಿನವರು ಹೆಂಡ ಹಂಚಿದರು. ಆ ದಿನದ ಮಾತು ಯಾರೂ ಎತ್ತಲಿಲ್ಲ. ಮುಂದಿನ ತಿಂಗಳುಗಳಲ್ಲಿ ಕೆಲಸವನ್ನು ಹಂಚಿಕೊಳ್ಳಲಾಯಿತು: ಕೆಲವರು ಊರು ಸುತ್ತುವರಿದರೆ ಕೆಲವರು ಯಹೂದಿಗಳನ್ನು ರೈಲಿಗೆ ತುಂಬಿದರು, ಗುಂಡಿಡಲು ಬೇರೆ ದೇಶದ ಸಹಾಯಕರೂ ಬಂದರು. 1943ರ ನವೆಂಬರ್ ಮುಗಿಯುವ ಹೊತ್ತಿಗೆ ಈ ಪಡೆ ಕನಿಷ್ಠ 38,000 ಜನರನ್ನು ಗುಂಡಿಟ್ಟು ಕೊಲ್ಲುವುದರಲ್ಲಿ, 45,000 ಜನರನ್ನು ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರದ ರೈಲು ಹತ್ತಿಸುವುದರಲ್ಲಿ ಪಾಲ್ಗೊಂಡಿತ್ತು. ಕಾಡಿನಲ್ಲಿ ಅಡಗಿದವರನ್ನು ಹುಡುಕಿ ಕೊಲ್ಲಲು ಬೇಕಾದದ್ದಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಮುಂದೆ ಬರುತ್ತಿದ್ದ ದಿನಗಳಿದ್ದವು. ಒಲ್ಲೆ ಎಂದವರು ಆಗಲೂ ಅದೇ ಪಡೆಯಲ್ಲಿದ್ದರು. ಅಂಥ ಕೆಲಸಕ್ಕೆ ಅವರನ್ನು ಕರೆಯುವುದನ್ನೇ ಬಿಟ್ಟಿದ್ದರು.