ಬಿಸು ಕಳೆದ ಮೇಲೆ, ಪತ್ತನಾಜೆಗೆ ಮೊದಲು

ಏಪ್ರಿಲ್ ಮಧ್ಯದ ಬಿಸು (ಸೌರ ಯುಗಾದಿ) ಹತ್ತಿರ ಬಂತು ಎಂದರೆ ನಮ್ಮ ಕಡೆ ಮನೆಮನೆಗಳಲ್ಲಿ ಗುಡಿಸಿ ಒರೆಸುವ ಗಡಿಬಿಡಿ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿ ಹೋದರೂ ಮಾಡಿನ (ಛಾವಣಿಯ) ಬಲೆ ತೆಗೆಯುತ್ತಿರುತ್ತಾರೆ, ಚಾವಡಿ ತೊಳೆಯುತ್ತಿರುತ್ತಾರೆ, ಬಿಸು ಬೆಳಿಗ್ಗೆ ಮೊದಲು ನೋಡುವ ಕಣಿ ಇಡುವ ಕೋಣೆಗೆ ಬಣ್ಣವೂ ಆಗುತ್ತದೆ. ಒಳ್ಳೆಯದೇ. ಆದರೆ ಧೂಳಿನಿಂದ ಯಾವ ಮನೆಯೂ ಬೀಳುವುದಿಲ್ಲ. ಕಾಸರಗೋಡಿನಲ್ಲಿ ಮನೆ ಹಾಳಾಗುವುದು ನೀರಿನಿಂದ. ಬಿಸು ಕಳೆದು, ಮೇ ಕೊನೆಗೆ ಮಳೆಗಾಲದ ಮುಂಚೆ ಬರುವ ಪತ್ತನಾಜೆಯವರೆಗೆ ಸುಮಾರು ನಲವತ್ತು ದಿನ ಸಿಗುತ್ತದಲ್ಲ, ಬಿಸಿಲು ತಲೆ ಸುಡುವ ದಿನಗಳು, ಮನೆಯ ಅಸಲಿ ಕೆಲಸ ಇರುವುದು ಆಗ. ಮನೆಯನ್ನು ಪೂರ್ತಿ ಒಣಗಿಸಬೇಕು, ಬರುವ ನೀರಿಗೆ ಹೊರಗೆ ಹೋಗುವ ದಾರಿ ಮಾಡಿಡಬೇಕು.

ನೀರು ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಿಮ್ಮ ಮಾಡು 100 ಚದರ ಮೀಟರ್ ಇದ್ದರೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ನೀರು ಅದರ ಮೇಲೆ ಬೀಳುತ್ತದೆ. ಗಂಟೆಗೆ 50 ಮಿಲಿಮೀಟರ್ ಸುರಿಯುವ ಒಂದು ಜಡಿಮಳೆ ಬಂದರೆ ಆ ಒಂದು ಗಂಟೆಯಲ್ಲೇ 5,000 ಲೀಟರ್. ಇಷ್ಟೂ ನೀರು ಎಲ್ಲೂ ತಡೆಯದೆ ಇಳಿದು ಹೋಗಬೇಕು.

ಹಾಗಾಗಿ ಮೊದಲು ಮಾಡು. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಕೆಂಪು ಹಂಚು ಕರಾವಳಿಯನ್ನೆಲ್ಲ ಆವರಿಸಿತು. ಒಂದು ಹಂಚಿನ ಅಂಚು ಇನ್ನೊಂದರ ಚಾಚಿನಲ್ಲಿ ಕೂರುತ್ತದೆ, ಅಂಟಿಲ್ಲ, ಸಿಮೆಂಟಿಲ್ಲ. ನೀರು ಒಳಗೆ ಬಾರದಿರುವುದು ಅದು ಓಡುತ್ತಾ ಇರುವುದರಿಂದ ಮಾತ್ರ. ಇಳಿಜಾರಿನಲ್ಲಿ ಸರಸರ ಜಾರುವವರೆಗೆ ತೊಂದರೆ ಇಲ್ಲ. ಎರಡು ಮಾಡು ಸೇರುವ ಮೂಲೆಯಲ್ಲಿ ತಗಡು ಹಾಕಿರುತ್ತಾರಲ್ಲ, ಅಲ್ಲಿ ಹಲಸಿನೆಲೆ, ಮಾವಿನೆಲೆ, ಅಡಕೆ ಹಿಂಗಾರದ ಕಸ ಬಿದ್ದು ಒಂದು ಸಣ್ಣ ಕಟ್ಟ ಆಯಿತು ಎಂದಿಟ್ಟುಕೊಳ್ಳಿ. ನೀರು ನಿಲ್ಲುತ್ತದೆ, ಹಂಚಿನ ಅಂಚಿಗಿಂತ ಮೇಲೆ ಏರುತ್ತದೆ, ಒಳಗೆ ಇಳಿಯುತ್ತದೆ. ಹಂಚು ಒಡೆದಿರುವುದೇ ಇಲ್ಲ! ಹಂಚು ಬದಲಿಸಿ ಬದಲಿಸಿ ಸುಸ್ತಾದ ಎಷ್ಟೋ ಮನೆಗಳಲ್ಲಿ ಬೇಕಾಗಿದ್ದದ್ದು ಒಂದು ಬುಟ್ಟಿ ಕಸ ತೆಗೆಯುವ ಕೆಲಸ ಅಷ್ಟೆ.

ಸೋರುವ ಜಾಗ ಹುಡುಕಲಿಕ್ಕೂ ಈಗಲೇ ಒಳ್ಳೆಯ ಸಮಯ. ನಡು ಮಧ್ಯಾಹ್ನ ಅಟ್ಟಕ್ಕೆ ಹತ್ತಿ, ಲೈಟ್ ಆರಿಸಿ, ಎರಡು ನಿಮಿಷ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಬಿಸಿಲಿನ ಚುಕ್ಕಿ ಎಲ್ಲಿ ಕಾಣುತ್ತದೋ ಅಲ್ಲಿ ಪಕ್ಕಾಸಿಗೆ (ಮಾಡಿನ ಇಳಿಜಾರು ಮರಕ್ಕೆ) ಚಾಕ್‌ನಲ್ಲಿ ಗುರುತು ಹಾಕಿ. ಇನ್ನೊಂದು ವಿಷಯ, ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ನೀರು ಮರಕ್ಕೆ ಅಂಟಿಕೊಂಡೇ ಪಕ್ಕಾಸಿನ ಉದ್ದಕ್ಕೂ ಕೆಳಗೆ ಜಾರಿ ಎಲ್ಲೋ ಒಂದು ಕಡೆ ಬೀಳುತ್ತದೆ. ಕಲೆ ಕಂಡಲ್ಲಿಂದ ಏರಿನ ಕಡೆಗೆ ಹುಡುಕಬೇಕು. ತಾರಸಿ ಮನೆಯವರಿಗೆ ಕೆಲಸ ಕಡಿಮೆ, ಪೈಪಿನ ಬಾಯಿ ಬಿಡಿಸಿ ಒಂದು ಬಕೆಟ್ ನೀರು ಹೊಯ್ದು ಅದು ಕೆಳಗೆ ಬರುತ್ತದೋ ಅಂತ ನೋಡಿದರೆ ಮುಕ್ಕಾಲು ಪಾಲು ಮುಗಿಯಿತು. ಪಾಚಿಯನ್ನು ಒಣಗಿರುವಾಗಲೇ ಕೆರೆದು ತೆಗೆಯಿರಿ, ಜೂನ್‌ನಲ್ಲಿ ಒದ್ದೆ ಪಾಚಿಯ ಮೇಲೆ ಹತ್ತುವುದು ಬೇಡವೇ ಬೇಡ.

ಇನ್ನು ಗೋಡೆ. ಇದರ ಬಗ್ಗೆ ನನಗೆ ಹೇಳಲಿಕ್ಕೆ ಸ್ವಲ್ಪ ಜಾಸ್ತಿಯೇ ಇದೆ.

ನಮ್ಮದು ಮುರಕಲ್ಲಿನ ಊರು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್ ತುಂಬಿದ ಕಲ್ಲು ಇದು. ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಬಂಡೆ ಕರಗಿ, ಕರಗುವುದೆಲ್ಲ ತೊಳೆದುಹೋಗಿ ಉಳಿದ ಭಾಗ. ನೆಲದಡಿ ಮೆದುವಾಗಿರುತ್ತದೆ, ತೆಗೆದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಇದನ್ನು ನೋಡಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್ 1807ರಲ್ಲಿ ಈ ಗುಣವನ್ನೇ ವಿಸ್ತಾರವಾಗಿ ಬರೆದ. ಕಲ್ಲಿನ ಮೈಯೆಲ್ಲ ತೂತು. ಕಟ್ಟಡದ ಮುರಕಲ್ಲಿಗೆ ಇರುವ ಭಾರತೀಯ ಮಾನದಂಡ ತೂಕದ ಶೇಕಡಾ 12ರವರೆಗೆ ನೀರು ಹೀರಲು ಬಿಡುತ್ತದೆ. ಅಂದರೆ 20 ಕಿಲೋದ ಒಂದು ಕಲ್ಲು ಹೆಚ್ಚುಕಡಿಮೆ ಎರಡೂವರೆ ಲೀಟರ್ ಕುಡಿದರೂ ಪಾಸ್.

ಹಾಗಿದ್ದೂ ಬೇಕಲ ಕೋಟೆ ನಿಂತಿದೆ. ಶಿವಪ್ಪ ನಾಯಕನ ಕಾಲದ ಕೋಟೆ, ಹದಿನೇಳನೇ ಶತಮಾನದ್ದು, ಸಮುದ್ರದ ಉಪ್ಪು ಗಾಳಿಗೆ ಎದೆಯೊಡ್ಡಿ ಮುರಕಲ್ಲಿನಲ್ಲೇ ನಿಂತಿದೆ. ನೀರು ಕುಡಿಯುವ ಕಲ್ಲು ನೀರನ್ನು ಬಿಟ್ಟುಕೊಡಲಿಕ್ಕೂ ಸಮರ್ಥ, ಬಿಸಿಲು ಗಾಳಿ ತಾಗುವಂತಿದ್ದರೆ ಸಾಕು. ತೊಂದರೆ ಶುರುವಾಗುವುದು ಒಣಗಲಿಕ್ಕೆ ಬಿಡದಿದ್ದಾಗ.

ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಗೋಡೆಯೂ ನೆಲದಿಂದ ನೀರು ಎಳೆಯುತ್ತದೆ. ತೂತು ಸಣ್ಣದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತ್ರಿಜ್ಯದ ನಾಳದಲ್ಲಿ ಸುಮಾರು 15 ಸೆಂಟಿಮೀಟರ್, ಅದರ ಹತ್ತನೇ ಒಂದು ಭಾಗದ ನಾಳದಲ್ಲಿ ಒಂದೂವರೆ ಮೀಟರ್. ಗೋಡೆಯಲ್ಲಿ ಹೀಗೆ ಏರಿದ ನೀರು ಮೈ ಮೇಲಿಂದ ಆರಿಹೋಗುತ್ತಾ ಇದ್ದರೆ ಸೊಂಟದ ಕೆಳಗೇ ನಿಲ್ಲುತ್ತದೆ. ಒದ್ದೆ ಕಂಡಿತು ಎಂದು ನಾವು ಅದರ ಮೇಲೆ ಸಿಮೆಂಟ್ ಬಳಿದು, ಮೇಲಿಂದ ಪ್ಲಾಸ್ಟಿಕ್ ಥರದ ಪೇಂಟ್ ಹೊಡೆದರೆ ಆರುವ ದಾರಿ ಮುಚ್ಚಿತು. ನೀರು ಇನ್ನೂ ಮೇಲೆ ಹುಡುಕಿಕೊಂಡು ಹೋಗುತ್ತದೆ. ಜೊತೆಗೆ ಮಣ್ಣಿನ ಲವಣವನ್ನೂ ಒಯ್ಯುತ್ತದೆ, ಲವಣ ಸಾರಣೆಯ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ದೂಡುತ್ತದೆ, ಪೇಂಟ್ ಉಬ್ಬುತ್ತದೆ, ಬಿಳಿ ಹುಡಿ ಉದುರುತ್ತದೆ. ಮರುವರ್ಷ ಮತ್ತೆ ಪೇಂಟ್! ದಯವಿಟ್ಟು ಇದನ್ನು ನಿಲ್ಲಿಸಿ.

ಅದರ ಬದಲು ಹಾರೆ ಹಿಡಿದು ಹೊರಗೆ ಹೋಗಿ. ಗೋಡೆಗೆ ತಾಗಿ ವರ್ಷವರ್ಷ ಏರಿದ ಮಣ್ಣನ್ನು ಎಳೆದು ಪಂಚಾಂಗದ (ಅಡಿಪಾಯದ) ಕಲ್ಲು ಕಾಣುವ ಹಾಗೆ ಮಾಡಿ. ಹೂವಿನ ಚಟ್ಟಿಗಳನ್ನು ಒಂದು ಮೊಳ ದೂರ ಇಡಿ. ಅಂಗಳದ ಇಳಿಜಾರು ಮನೆಯಿಂದ ಆಚೆಗೆ ಇದೆಯಾ ನೋಡಿ. ಪಡುವಣ ಗಾಳಿಗೆ ಮಳೆ ಬಡಿಯುವ ಬದಿಗೆ ಹಿಂದಿನವರು ಮಡಲಿನ ತಟ್ಟಿ ಕಟ್ಟುತ್ತಿದ್ದರು, ಅದು ಒಂದು ಅಂಗುಲವೂ ಗೋಡೆಗೆ ಅಂಟದೆ ಮಳೆ ತಡೆಯುತ್ತಿತ್ತು, ಹಿಂದಿನಿಂದ ಗಾಳಿ ಆಡುತ್ತಿತ್ತು. ಈಗ ತಗಡು ಅಥವಾ ಶೀಟ್ ಇಳಿಬಿಟ್ಟರೂ ಅದೇ ಕೆಲಸ ಆಗುತ್ತದೆ. ಬಳಿಯಲೇಬೇಕು ಎಂದಾದರೆ ಸುಣ್ಣ ಬಳಿಯಿರಿ. ಚಿಪ್ಪು ಸುಟ್ಟ ಸುಣ್ಣ ನೀರಲ್ಲಿ ಕಲಸಿದಾಗ ಅದರ ಪಿಎಚ್ 12 ದಾಟುತ್ತದೆ, ಅಂಥ ಕಡೆ ಬೂಷ್ಟು ಬೆಳೆಯುವುದು ಕಷ್ಟ. ಗೋಡೆಯ ಮೇಲೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ, ಆದರೂ ಆವಿ ಹೊರಗೆ ಹೋಗಲು ಬಿಡುತ್ತದೆ. ಬಳಿಯುವಾಗ ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿಕೊಳ್ಳಿ, ಸುಣ್ಣ ಕಣ್ಣನ್ನು ಸುಡುತ್ತದೆ.

ಈಗ ಮನೆಯೊಳಗೆ ಬನ್ನಿ, ಮಲಗುವ ಕೋಣೆಯ ಕಪಾಟಿನ ಹಿಂದೆ ಕೈ ಹಾಕಿ. ಗೋಡೆ ತಣ್ಣಗಿದೆ ಅಲ್ವಾ? ಮಳೆಗಾಲದಲ್ಲಿ ಬೂಷ್ಟು ಮೊದಲು ಹಿಡಿಯುವುದು ಅಲ್ಲಿ. ನೀರು ಸೋರದಿದ್ದರೂ ಹಿಡಿಯುತ್ತದೆ. ಕಾರಣ ಗಾಳಿಯಲ್ಲೇ ಇದೆ. 30 ಡಿಗ್ರಿ ಬಿಸಿಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಹಿಡಿಸುತ್ತದೆ, 25 ಡಿಗ್ರಿಗೆ ತಣಿದರೆ 23 ಗ್ರಾಂ ಅಷ್ಟೆ. ಜೂನ್‌ನ ಗಾಳಿ 24 ಗ್ರಾಂ ಹೊತ್ತುಕೊಂಡು ಒಳಗೆ ಬಂದು 25 ಡಿಗ್ರಿಯ ಗೋಡೆಗೆ ತಾಗಿದರೆ ಹೆಚ್ಚಾದದ್ದನ್ನು ಅಲ್ಲೇ ಇಳಿಸಬೇಕು. ನೆಲ ಬೆವರುವುದೂ ಇದರಿಂದಲೇ. ಬೂಷ್ಟಿಗೆ ನೀರು ಹರಿಯಬೇಕೆಂದೂ ಇಲ್ಲ, ಗೋಡೆಯ ಮೈಯಲ್ಲಿ ತೇವಾಂಶ ಶೇಕಡಾ 80 ದಾಟಿ ಕೆಲವು ದಿನ ಹಾಗೇ ಇದ್ದರೆ ಸಾಕು.

ಇದಕ್ಕೆ ನಾವೇ ಮತ್ತಷ್ಟು ನೀರು ಸೇರಿಸುತ್ತೇವೆ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯ ಗಾಳಿಯಲ್ಲಿ 30 ಡಿಗ್ರಿಯಲ್ಲಿ ಹಿಡಿಸುವುದು ಒಟ್ಟು 850 ಗ್ರಾಂ ಆವಿ. ಬಾಗಿಲು ಮುಚ್ಚಿ ಆ ಕೋಣೆಯಲ್ಲಿ ಒಂದು ಬಕೆಟ್ ಬಟ್ಟೆ ಒಣಹಾಕಿದರೆ ಒಂದು ಲೀಟರಿಗೂ ಜಾಸ್ತಿ ನೀರು ಗಾಳಿಗೆ ಸೇರುತ್ತದೆ. ಅದು ಹೋಗುವುದೆಲ್ಲಿಗೆ? ಹಾಸಿಗೆಗೆ, ಪುಸ್ತಕಕ್ಕೆ, ಕಪಾಟಿನ ಹಿಂದಿನ ಗೋಡೆಗೆ. ಹಾಗಾಗಿ ಮೇ ತಿಂಗಳಲ್ಲಿ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆಯಿರಿ, ಹಾಸಿಗೆ ರೇಷ್ಮೆಸೀರೆ ಪುಸ್ತಕ ಎಲ್ಲವನ್ನೂ ಬಿಸಿಲಿಗೆ ಹಾಕಿ, ಬಿಸಿ ಆರಿದ ಮೇಲೆ ಒಳಗಿಡಿ. ಬಟ್ಟೆ ಒಣಗಿಸಲು ಜಗಲಿಯಲ್ಲೋ ಅಡಕೆ ಅಂಗಳದ ಮಾಡಿನ ಅಡಿಯಲ್ಲೋ ಹಗ್ಗ ಕಟ್ಟಿಡಿ. ಮಳೆ ಹಿಡಿದ ಮೇಲೆ ಕಿಟಕಿ ಇಡೀ ದಿನ ತೆರೆದಿಟ್ಟರೆ ಕೋಣೆ ಒಣಗುತ್ತದೆ ಎಂದೇನಿಲ್ಲ, ಬಿಸಿಲು ಬಿದ್ದ ಹೊತ್ತಿನಲ್ಲಿ ತೆರೆಯಿರಿ, ಉಳಿದಂತೆ ಫ್ಯಾನ್ ತಿರುಗಲಿ.

ಈಗಾಗಲೇ ಬೂಷ್ಟು ಹಿಡಿದಿದ್ದರೆ ಒಣ ಬಟ್ಟೆಯಲ್ಲಿ ಕೊಡವಬೇಡಿ, ಬೀಜಕಣಗಳು ಮನೆಯೆಲ್ಲ ಹಾರುತ್ತವೆ, ದಮ್ಮು ಇರುವವರಿಗೆ ಅದು ದೊಡ್ಡ ಕಷ್ಟ. ಸಾಬೂನು ನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಬ್ಲೀಚಿಂಗ್ ಪುಡಿ ಬಳಸುವುದಾದರೆ ಅದರ ಜೊತೆ ಕಕ್ಕಸು ತೊಳೆಯುವ ಆಸಿಡ್ ಯಾವತ್ತೂ ಸೇರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಮರದ ವಿಷಯ ಚುಟುಕಾಗಿ. ಒಲೆಯ ಹೊಗೆ ಇದ್ದ ಕಾಲದಲ್ಲಿ ಅಡುಗೆಮನೆಯ ಪಕ್ಕಾಸು ಕಪ್ಪಾಗುತ್ತಿತ್ತು, ಆದರೆ ಆ ಬಿಸಿ ಮರವನ್ನು ಒಣಗಿಸಿಡುತ್ತಿತ್ತು, ಹೊಗೆಯ ಫಿನಾಲ್‌ಗಳು ಹುಳ ಬೂಷ್ಟು ಎರಡನ್ನೂ ದೂರ ಇಡುತ್ತಿದ್ದವು. ಗ್ಯಾಸ್ ಬಂದ ಮೇಲೆ ಆ ರಕ್ಷಣೆ ಇಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಹಳೆಯ ಕ್ರಮ ಇಂದಿಗೂ ಒಳ್ಳೆಯದು, ಅದರ ಅನಾಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಗೆದ್ದಲಿಗೆ ಆಗದು. ನಮ್ಮ ಚರ್ಮಕ್ಕೂ ಆಗದು, ಕೈಗೆ ಗವಸು ಬೇಕೇ ಬೇಕು. ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಕೆರೆದು ಬಿಟ್ಟರೆ ಸಾಲದು, ಅದು ನೆಲದಲ್ಲಿ ಎಲ್ಲಿಂದ ಎದ್ದಿದೆ ಎಂದು ಹುಡುಕಿ, ಹೆಚ್ಚಾಗಿ ಅಲ್ಲೊಂದು ಸೋರುವ ಪೈಪು ಇರುತ್ತದೆ.

ಕರೆಂಟ್ ಬೋರ್ಡಿನಲ್ಲಿ ಇರುವ ಇಎಲ್‌ಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿಯಬೇಕಾದ ಸಾಧನ ಅದು, ಒತ್ತಿದಾಗ ಬೀಳದಿದ್ದರೆ ಇಲೆಕ್ಟ್ರೀಷಿಯನ್‌ನ್ನು ಅದೇ ವಾರ ಕರೆಯಿರಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯಿರಿ, ಒಣ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ, ಗುಡುಗು ಸಿಡಿಲಿನ ಸಂಜೆಗಳೋ ಆಗಲೇ ಶುರುವಾಗಿರುತ್ತವೆ.

ತೋಟ ಹಿತ್ತಿಲಿನಲ್ಲಿ ಹುಡುಕಬೇಕಾದದ್ದು ಗೆರಟೆ, ಹಾಳೆ, ಒಡೆದ ಪಾತ್ರೆ, ಟಾರ್ಪಾಲಿನ ಮಡಿಕೆ, ರಬ್ಬರ್ ಹಾಲು ಹಿಡಿಯುವ ಕಪ್ಪು. ಡೆಂಗಿ ಹರಡುವ ನುಸಿ ಮೊಟ್ಟೆ ಇಡುವುದು ನೀರಿನ ಮೇಲ್ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ಆ ಮೊಟ್ಟೆ ಒಣಗಿ ತಿಂಗಳುಗಟ್ಟಲೆ ಬದುಕಿರುತ್ತದೆ! ಮೊದಲ ಮಳೆಗೆ ನೀರು ತಾಗಿದ ಕೂಡಲೇ ಮರಿಯಾಗಿ ಏಳರಿಂದ ಹತ್ತು ದಿನಗಳಲ್ಲಿ ಹಾರುವ ನುಸಿ. ಅದಕ್ಕೇ ನೀರು ಚೆಲ್ಲಿದರೆ ಮಾತ್ರ ಸಾಲದು, ತಿಕ್ಕಿ ತೊಳೆಯಬೇಕು. ರಬ್ಬರ್ ಕಪ್ಪುಗಳನ್ನು ಕವುಚಿ ಇಡಿ. ಮನೆಮನೆಯಿಂದ ಕಸ ಒಯ್ಯುವ ಪಂಚಾಯತಿನ ಹರಿತ ಕರ್ಮ ಸೇನೆಯವರು ಬರುವಾಗ ಪ್ಲಾಸ್ಟಿಕ್ ಎಲ್ಲ ಕೊಟ್ಟುಬಿಡಿ. ಚರಂಡಿಗೆ ಇಳಿಯುವವರು ಬೂಟು ಹಾಕಿ, ಕಾಲಿನಲ್ಲಿ ಗಾಯ ಇದ್ದರೆ ಇಳಿಯಲೇಬೇಡಿ, ಇಲಿ ಜ್ವರದ ರೋಗಾಣು ಒಳಗೆ ಹೋಗುವುದು ಅಲ್ಲಿಂದ.

ಕೊನೆಗೆ ಬಾವಿ. ಮೊದಲ ಮಳೆಯ ಕೆಂಪು ನೀರು ಅಂಗಳದ ಕೊಳೆಯನ್ನೆಲ್ಲ ಹೊತ್ತು ಬರುತ್ತದೆ, ಕಟ್ಟೆಯ ಸುತ್ತ ಬಿರುಕಿದ್ದರೆ ನೇರ ಒಳಗೆ. ಬಿರುಕನ್ನು ಈಗಲೇ ಮುಚ್ಚಿ. ಮಳೆ ಹಿಡಿದ ಮೇಲೆ ಬ್ಲೀಚಿಂಗ್ ಪುಡಿ ಹಾಕುವಾಗ ಕಣ್ಣಂದಾಜಿಗಿಂತ ಲೆಕ್ಕವೇ ಒಳ್ಳೆಯದು. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿ, ನೀರು ಎಷ್ಟು ಲೀಟರ್ ಎಂದು ಸಿಗುತ್ತದೆ. ಮೂರು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ, ಅಂದರೆ ಒಟ್ಟು 70 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಅಡಿಯ ಗಸಿ ಬಿಟ್ಟು ತಿಳಿ ನೀರನ್ನು ಮಾತ್ರ ಕೊಡಪಾನದಲ್ಲಿ ಇಳಿಸಿ ಚೆನ್ನಾಗಿ ಅಲುಗಾಡಿಸಿ. ಕಡಿಮೆ ಎಂದರೆ ಒಂದು ಗಂಟೆ ಆ ನೀರು ಮುಟ್ಟಬಾರದು, ರಾತ್ರಿ ಹಾಕಿದರೆ ಬೆಳಿಗ್ಗೆ ಧಾರಾಳವಾಗಿ ಬಳಸಬಹುದು. ಕಳೆದ ವರ್ಷ ಬಾಯಿ ಬಿಚ್ಚಿಟ್ಟ ಪ್ಯಾಕೆಟ್ ಬೇಡ, ತೇವ ತಾಗಿ ಅದರ ಕ್ಲೋರಿನ್ ಹಾರಿಹೋಗಿರುತ್ತದೆ, ಹೊಸತನ್ನೇ ತನ್ನಿ.