ಓಕೆ ಒತ್ತುವವರು ಯಾರು?

ಲ್ಯಾಬಿನಲ್ಲಿ ರೋಬಾಟ್ ಕೈಯೊಂದು ಪ್ಲೇಟ್ ರೀಡರ್‌ನೊಳಗೆ ತಟ್ಟೆ ಇಡುವುದನ್ನು ನೋಡಿದರೆ, ಕಷ್ಟದ ಕೆಲಸ ಮುಗಿಯಿತು ಅನಿಸುತ್ತದೆ. ನಿಜ ಹೇಳಬೇಕೆಂದರೆ ಕಷ್ಟ ಶುರುವಾಗುವುದೇ ಅಲ್ಲಿಂದ.

ಮೈಕ್ರೊಪ್ಲೇಟ್ ಅಂದರೆ ಅಂಗೈಯಷ್ಟು ದೊಡ್ಡ ಪ್ಲಾಸ್ಟಿಕ್ ತಟ್ಟೆ. 8 ಅಡ್ಡಸಾಲು, 12 ಉದ್ದಸಾಲು, ಒಟ್ಟು 96 ಪುಟ್ಟ ಗುಳಿಗಳು. 384 ಗುಳಿಯದ್ದೂ ಇದೆ, 1536ರದ್ದೂ ಇದೆ. ರೀಡರ್ ಒಂದೊಂದು ಗುಳಿಗೂ ಬೆಳಕು ಹಾಯಿಸಿ, ಅದರಲ್ಲಿ ಎಷ್ಟು ಹೀರಿಹೋಯಿತು ಎಂದು ಅಳೆಯುತ್ತದೆ. ರಕ್ತದಂಥ ಮಾದರಿಯಲ್ಲಿ ಪ್ರತಿಕಾಯ, ಪ್ರೋಟೀನು ಮುಂತಾದವನ್ನು ಬಣ್ಣದಿಂದ ಪತ್ತೆಹಚ್ಚುವ ಎಲೈಸಾ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಾಣುವ ಹಳದಿ ಬಣ್ಣವನ್ನು 450 ನ್ಯಾನೊಮೀಟರ್‌ನಲ್ಲಿ ಓದುತ್ತಾರೆ.

ತಟ್ಟೆಯ ಅಳತೆಗೆ 2004ರಲ್ಲೇ ಮಾನದಂಡ ಬಂತು. ಉದ್ದ 127.76 ಮಿಲಿಮೀಟರ್, ಅಗಲ 85.48. ಯಾವ ಕಂಪನಿಯ ತಟ್ಟೆಯಾದರೂ ಅಷ್ಟೇ. ಹಾಗಾಗಿ ರೋಬಾಟ್ ಅದನ್ನು ಸಲೀಸಾಗಿ ಎತ್ತಿಡುತ್ತದೆ. ಯಂತ್ರಗಳ ಮಾತಿಗೆ ಮಾತ್ರ ಎಲ್ಲರೂ ಒಪ್ಪಿದ ಅಳತೆ ಇಲ್ಲ.

ರೀಡರ್‌ನ ಸಾಫ್ಟ್‌ವೇರ್ ಬರೆದವರ ಮನಸ್ಸಿನಲ್ಲಿದ್ದದ್ದು ಕಂಪ್ಯೂಟರ್ ಮುಂದೆ ಕೂತ ಮನುಷ್ಯ. ಅವನಿಗೆ ಕಣ್ಣಿದೆ, ಕೈಯಲ್ಲಿ ಮೌಸ್ ಇದೆ. ‘ಫೈಲ್ ಈಗಾಗಲೇ ಇದೆ, ಅದರ ಮೇಲೇ ಬರೆಯಲೇ?’ ಎಂದು ಪರದೆ ಕೇಳಿದರೆ ಓಕೆ ಒತ್ತುತ್ತಾನೆ. ಇದೇ ಪ್ರಶ್ನೆ ರಾತ್ರಿ ಎರಡು ಗಂಟೆಗೆ ಖಾಲಿ ಲ್ಯಾಬಿನಲ್ಲಿ ಬಂದರೆ? ಒತ್ತುವವರಿಲ್ಲ. ರೀಡರ್ ಸುಮ್ನೆ ಕಾಯುತ್ತದೆ, ರೀಡರ್‌ಗಾಗಿ ರೋಬಾಟ್ ಕಾಯುತ್ತದೆ, ಹಿಂದಿನ ತಟ್ಟೆಗಳಲ್ಲಿ ರಾಸಾಯನಿಕ ಕ್ರಿಯೆ ಮಾತ್ರ ಯಾರನ್ನೂ ಕಾಯದೆ ನಡೆದೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಅವು ಓದುವ ಹೊತ್ತು ಮೀರಿರುತ್ತವೆ.

ಯಂತ್ರಗಳ ಇಡೀ ಸಾಲನ್ನು ನಡೆಸುವ ಶೆಡ್ಯೂಲರ್ ತಂತ್ರಾಂಶಕ್ಕೆ ರೀಡರ್‌ನಿಂದ ಬೇಕಾದದ್ದು ಜಾಸ್ತಿ ಏನಲ್ಲ. ಬಾಗಿಲು ತೆರೆ, ಮುಚ್ಚು, ಈ ವಿಧಾನದಲ್ಲಿ ಓದು, ಈಗ ಯಾವ ಸ್ಥಿತಿಯಲ್ಲಿದ್ದೀಯ ಹೇಳು. ಕೊನೆಯದೇ ಮುಖ್ಯ. ಬಾಗಿಲು ಪೂರ್ತಿ ತೆರೆದಿದೆ ಎಂದು ಖಾತ್ರಿಯಾಗದೆ ಕೈ ಚಾಚಿದರೆ ಡಿಕ್ಕಿ ಗ್ಯಾರಂಟಿ. ಸಿಲಾ 2 ಎಂಬ ಮುಕ್ತ ಮಾನದಂಡದಲ್ಲಿ, ‘ನಾನು ಯಾರು, ನನಗೆ ಏನೇನು ಬರುತ್ತದೆ’ ಎಂದು ಉಪಕರಣವೇ ನೆಟ್‌ವರ್ಕ್‌ನಲ್ಲಿ ಹೇಳಿಕೊಳ್ಳುತ್ತದೆ. ಒಳ್ಳೆಯ ಉಪಾಯ. ಆದರೆ ಸೀರಿಯಲ್ ಕೇಬಲ್ ಕಾಲದ ಎಷ್ಟೋ ಉಪಕರಣಗಳಿಗೆ ಆ ಭಾಷೆ ಬರುವುದಿಲ್ಲ, ನಡುವೆ ಒಬ್ಬ ದುಭಾಷಿ ಬೇಕು.

ಏನೂ ದಾರಿ ಕಾಣದಿದ್ದಾಗ ಕೈಹಿಡಿಯುವುದು ಫೈಲ್. ರೀಡರ್ ಒಂದು ಫೋಲ್ಡರಿಗೆ ಫಲಿತಾಂಶ ಬರೆಯುತ್ತದೆ, ಇನ್ನೊಂದು ತಂತ್ರಾಂಶ ಅದಕ್ಕಾಗಿ ಕಾದಿರುತ್ತದೆ. ಇಲ್ಲೂ ಅಪಾಯಗಳಿವೆ. ಬರೆದು ಮುಗಿಯುವ ಮೊದಲೇ ಓದಿದರೆ ಅರ್ಧ ತಟ್ಟೆಯಷ್ಟೇ ಸಿಗುತ್ತದೆ. ಅದಕ್ಕೇ ಬೇರೆ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ಹೆಸರು ಬದಲಿಸುವ ಅಭ್ಯಾಸ. ದಶಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುವ ದೇಶಗಳಿವೆ. ಕಂಪ್ಯೂಟರ್ ಅಲ್ಲಿಯ ಸೆಟ್ಟಿಂಗ್‌ನಲ್ಲಿದ್ದರೆ 0.45 ಎಂಬುದು 0,45 ಆಗಿ, ಅಂಕಣಗಳನ್ನೂ ಅಲ್ಪವಿರಾಮದಿಂದಲೇ ಬೇರ್ಪಡಿಸುವ ಫೈಲಿನಲ್ಲಿ ಒಂದೇ ಸಂಖ್ಯೆ ಎರಡು ಅಂಕಣಕ್ಕೆ ಸೀಳಿಹೋಗಬಹುದು.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಗುಳಿಗಳ ಕ್ರಮ. ಅಡ್ಡಸಾಲಿಗೆ ಅಕ್ಷರ, ಉದ್ದಸಾಲಿಗೆ ಅಂಕಿ, ಹೀಗೆ ಗುಳಿಗಳಿಗೆ ಹೆಸರು. ಎ1 ಆದ ಮೇಲೆ ಎ2 ಬರಬೇಕೋ ಬಿ1 ಬರಬೇಕೋ? ಒಂದು ತಂತ್ರಾಂಶ ಅಡ್ಡಸಾಲು ಹಿಡಿದು ಬರೆದು, ಇನ್ನೊಂದು ಉದ್ದಸಾಲು ಹಿಡಿದು ಓದಿದರೆ ಯಾವ ಕೆಂಪು ದೀಪವೂ ಹೊತ್ತುವುದಿಲ್ಲ. 96 ಅಂಕಿಗಳೂ ಸರಿಯಾಗೇ ಇರುತ್ತವೆ, ಒಬ್ಬರ ಮಾದರಿಯ ಅಂಕಿ ಇನ್ನೊಬ್ಬರ ಹೆಸರಿನ ಮುಂದೆ ಕೂತಿರುತ್ತದೆ ಅಷ್ಟೇ. ಹಾಗಾಗಿ ಜೋಡಣೆಯಾದ ಮೇಲೆ ಮೊದಲು ಓಡಿಸಬೇಕಾದದ್ದು ಬರೀ ನೀರಿನ ತಟ್ಟೆ. ಎ1, ಎ2, ಎ3 ಮತ್ತು ಬಿ1ಕ್ಕೆ ಮಾತ್ರ ಬಣ್ಣ ಹಾಕಿ, ಕೊನೆಯ ಫೈಲಿನಲ್ಲಿ ಬಣ್ಣ ಎಲ್ಲಿಗೆ ಬಂತು ನೋಡಿಕೊಳ್ಳಬೇಕು.